ಅರ್ಜಿ ಹಾಕದವರ ಲೆಕ್ಕ: ಕೊಡಗಿನ ಆನೆ ಪರಿಹಾರದ ಮೇಲಿನ ಒಂದು ಸಂಶೋಧನೆ ಕಚೇರಿ ತಲುಪಿದ್ದು ಹೇಗೆ

ಇದು ಕೊಡಗಿನಲ್ಲಿ ಕೆಲವು ವರ್ಷಗಳ ಹಿಂದೆ ಶುರುವಾದ ಒಂದು ಪಿಎಚ್‌ಡಿ ಸಂಶೋಧನೆಯ ಕಥೆ. ವಿಷಯ ಅರ್ಥಶಾಸ್ತ್ರ, ವಸ್ತು ಕಾಡಾನೆ. ವಿಶ್ವವಿದ್ಯಾಲಯ ಯಾವುದು, ಸಂಶೋಧಕಿ ಯಾರು, ಯಾವ ಊರು, ಯಾವ ಅರಣ್ಯ ವಲಯ ಅನ್ನುವುದನ್ನು ಇಲ್ಲಿ ಹೇಳಿಲ್ಲ. ಒಂದೆರಡು ವಿವರ ಬದಲಿಸಿದ್ದೇನೆ. ಸಮೀಕ್ಷೆಯ ಅಂಕಿಗಳನ್ನೂ ಬೇಕಂತಲೇ ಬಿಟ್ಟಿದ್ದೇನೆ. ಯಾಕೆಂದರೆ ಕೊಡಗು 4,102 ಚದರ ಕಿಲೋಮೀಟರಿನ ಚಿಕ್ಕ ಜಿಲ್ಲೆ, ಇಂಥ ಹೋಬಳಿಯಲ್ಲಿ ಇಷ್ಟು ಮನೆ ಅಂದರೆ ಸಾಕು, ಮೂರನೇ ಫೋನಿಗೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಪ್ರಶ್ನಾವಳಿ ತಯಾರಿಸುವಾಗ ಕೈಜೋಡಿಸಿದ್ದೆ, ಆಮೇಲಿನ ಸಭೆಗಳಲ್ಲಿ ಹಿಂದಿನ ಸಾಲಿನ ಕುರ್ಚಿ ನನ್ನದು. ಪಿಎಚ್‌ಡಿ ಮುಗಿಸಿ ಅದನ್ನು ಸರಕಾರದ ಮೇಜಿಗೆ ಒಯ್ಯಬೇಕು ಅಂದುಕೊಂಡಿರುವ ಹುಡುಗ ಹುಡುಗಿಯರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಕೊಡಗಿನದು. ದೇಶದಲ್ಲೇ ಅತಿ ಹೆಚ್ಚು ಆನೆ ಇರುವುದು ಕರ್ನಾಟಕದಲ್ಲಿ. 2017ರ ಗಣತಿಯಲ್ಲಿ 6,049 ಇದ್ದದ್ದು 2023ಕ್ಕೆ 6,395 ಆಯಿತು. ಈ ಎರಡೂ ಒಂದೇ ಜಾಗದಲ್ಲಿ ಸೇರಿದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ನೆರಳಿನ ಮರ, ವರ್ಷವಿಡೀ ನೀರಿರುವ ಕೆರೆ, ಬಾಳೆ, ಹಲಸು. ಕಾಡಿಗಿಂತ ತೋಟವೇ ಆನೆಗೆ ಹಿತ. ಗದ್ದೆಯಲ್ಲಿ ಭತ್ತ ಹಾಲುಗಟ್ಟಿದರೆ ಅದಕ್ಕೂ ಬರುತ್ತದೆ.

ಬೆಳೆ ಹಾಳಾದರೆ ಅರಣ್ಯ ಇಲಾಖೆ ದುಡ್ಡು ಕೊಡುತ್ತದೆ. ಕಾಗದದ ಮೇಲೆ ಅದಕ್ಕೆ ದಯಾತ್ಮಕ ಧನ ಅಂತಲೇ ಹೆಸರು. ಪಹಣಿ, ಫೋಟೋ, ಅರ್ಜಿ, ಗಾರ್ಡ್ ಬಂದು ಮಾಡುವ ಮಹಜರು, ಆಮೇಲೆ ಬ್ಯಾಂಕ್ ಖಾತೆಗೆ ಹಣ. ಗಿಡಕ್ಕೆ ಇಷ್ಟು, ಮರಕ್ಕೆ ಇಷ್ಟು ಅಂತ ದರಪಟ್ಟಿ ಇದೆ. ಆ ದರವನ್ನು ರಾಜ್ಯ ಸರಕಾರ ಆದೇಶ ಹೊರಡಿಸಿ ನಿಗದಿ ಮಾಡುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಂಶೋಧಕಿ ಈ ಜಿಲ್ಲೆಯವರೇ. ಸಣ್ಣ ತೋಟದ ಮನೆ. ಆಕೆ ಹಿಡಿದ ಪ್ರಶ್ನೆ ಸರಳ: ಈಗಿನ ದರ ನಿಜವಾದ ನಷ್ಟಕ್ಕೆ ಸಮವೇ? ರೋಬಸ್ಟಾ ಕಾಫಿ ಗಿಡ ನೆಟ್ಟು ಸರಿಯಾದ ಫಸಲು ಕಾಣಲು ಐದಾರು ವರ್ಷ ಬೇಕು, ಆಮೇಲೆ ಅದು ದಶಕಗಟ್ಟಲೆ ಕೊಡುತ್ತದೆ. ಹಾಗಿರುವಾಗ ಆನೆ ಒಂದು ಗಿಡ ಮುರಿದರೆ ಹೋದದ್ದು ಗಿಡದ ಬೆಲೆ ಮಾತ್ರ ಅಲ್ಲ, ಮುಂದೆ ಬರಬೇಕಾಗಿದ್ದ ಅಷ್ಟೂ ವರ್ಷದ ಆದಾಯ. ನೆರಳಿನ ಮರ ಬಿದ್ದರೆ ಅದಕ್ಕೆ ಹಬ್ಬಿದ್ದ ಕರಿಮೆಣಸಿನ ಬಳ್ಳಿಯೂ ಹೋಯಿತು. ಇದನ್ನೆಲ್ಲ ಇವತ್ತಿನ ಬೆಲೆಗೆ ತಂದು ಲೆಕ್ಕ ಹಾಕಿ, ಪರಿಹಾರದ ಪಕ್ಕದಲ್ಲಿಟ್ಟು ತೋರಿಸುವುದು ಯೋಜನೆ. ಚೆನ್ನಾಗಿಯೇ ಇತ್ತು. ಪರಿಹಾರ ಸಾಲದು ಅಂತ ಉತ್ತರ ಬರುತ್ತದೆ ಅನ್ನುವುದು ಶುರು ಮಾಡುವ ಮೊದಲೇ ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಮಾದರಿಗೆ ಮನೆಗಳನ್ನು ಆರಿಸಲು ವಲಯ ಕಚೇರಿಯಿಂದ ಅರ್ಜಿದಾರರ ಪಟ್ಟಿ ತಗೊಂಡರು. ಕೈಗೆ ಸಿಗುವ ಪಟ್ಟಿ ಅದೊಂದೇ. ನಮ್ಮಲ್ಲಿ ಮುಕ್ಕಾಲು ಪಾಲು ಸಮೀಕ್ಷೆಗಳು ಹೀಗೇ ಶುರುವಾಗುತ್ತವೆ, ಯಾರ ಪಟ್ಟಿ ಸಿಕ್ಕಿತೋ ಅವರೇ ಜನ.

ಪ್ರಶ್ನೆ ಬದಲಾದದ್ದು

ವಿಭಾಗದ ಸೆಮಿನಾರಿನಲ್ಲಿ ಅರ್ಧ ಕೆಲಸ ತೋರಿಸುವಾಗ ಗೈಡ್ ಒಂದು ಮಾತು ಕೇಳಿದರು. “ಆನೆ ಬಂದು ಹೋದ ಮನೆಗಳೆಲ್ಲ ಈ ಪಟ್ಟಿಯಲ್ಲಿ ಇದಾವಾ?” ಆಕೆಗೆ ತಕ್ಷಣ ತಮ್ಮ ಮನೆಯೇ ನೆನಪಾಯಿತಂತೆ. ಆಕೆಯ ತಂದೆ ಒಂದು ಸಲವೂ ಅರ್ಜಿ ಹಾಕಿದವರಲ್ಲ.

ಮೊದಲ ತಿರುವು ಇದೇ. ಇದ್ದ ಪಟ್ಟಿಯಲ್ಲೇ ಮುಂದುವರಿದಿದ್ದರೆ ಪ್ರಬಂಧ ಬೇಗ ಮುಗಿಯುತ್ತಿತ್ತು, ಡಾಕ್ಟರೇಟೂ ಸಿಗುತ್ತಿತ್ತು, ಯಾರೂ ಬೈಯುತ್ತಿರಲಿಲ್ಲ. ಆಕೆ ಆ ಪಟ್ಟಿ ಬದಿಗಿಟ್ಟು ಗ್ರಾಮ ಪಂಚಾಯಿತಿಯ ಮನೆಪಟ್ಟಿ ಹಿಡಿದು ಹೊಸದಾಗಿ ಮನೆ ಆರಿಸಿದರು. ಅದಕ್ಕೆ ಇನ್ನೊಂದು ಕೊಯ್ಲಿನ ಕಾಲ ಹೋಯಿತು. ಫೆಲೋಶಿಪ್ ಅವಧಿ ಮುಗಿಯುತ್ತಾ ಬಂದಿತ್ತು, ಮನೆಯಲ್ಲಿ ಮದುವೆಯ ಮಾತು ಬೇರೆ. ಈ ನಿರ್ಧಾರದ ಬೆಲೆ ಕಮ್ಮಿ ಇರಲಿಲ್ಲ.

ಹೊಸ ಪಟ್ಟಿ ಹಿಡಿದು ಹೋದ ಮೇಲೆ ಬೇರೆಯೇ ಚಿತ್ರ ಕಂಡಿತು. ಒಬ್ಬರು ಅಜ್ಜನ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಒಂದೆರಡು ಎಕರೆ ಕಾಫಿ, ಕೆಳಗೆ ಗದ್ದೆ. ಅಜ್ಜ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು, ಮಡಿಕೇರಿಯ ಬಟ್ಟೆ ಅಂಗಡಿಯದ್ದು, ಹಿಡಿಕೆ ಹರಿದು ಗಂಟು ಹಾಕಿದ್ದು. ಅದರಲ್ಲಿ ಪಹಣಿಯ ಜೆರಾಕ್ಸ್, ಸ್ಕೆಚ್ ಪೆನ್ನಿನಲ್ಲಿ ಬರೆದ ವಂಶವೃಕ್ಷ, ಅರ್ಧ ಭರ್ತಿ ಮಾಡಿದ ಅರ್ಜಿ, ಮಳೆಯಲ್ಲಿ ನೆಂದು ಬಣ್ಣ ಬಿಟ್ಟ ಕೆಲವು ಫೋಟೋ. ಆನೆ ಲದ್ದಿಯ ಪಕ್ಕದಲ್ಲಿ ಮೊಮ್ಮಗ ನಿಂತಿರುವ ಫೋಟೋ ಒಂದು. ಗಾರ್ಡ್ ಸಾಕ್ಷಿ ಕೇಳಿದ್ದಕ್ಕೆ ತೆಗೆದದ್ದಂತೆ.

“ಇಷ್ಟೆಲ್ಲ ಇಟ್ಟುಕೊಂಡು ಯಾಕಜ್ಜ ಕೊಡಲಿಲ್ಲ?” ಅಂತ ಆಕೆ ಕೇಳಿದರು.

“ಕೊಟ್ಟೆ ಮಗಾ. ವಾಪಸ್ ಕೊಟ್ರು. ಪಹಣಿಯಲ್ಲಿ ಇರೋದು ನಮ್ಮ ದೊಡ್ಡಜ್ಜನ ಹೆಸರು. ಅವರು ತೀರಿಹೋಗಿ ಎಷ್ಟು ಕಾಲ ಆಯ್ತು. ಪಾಲುದಾರರ ಒಪ್ಪಿಗೆ ತಗೊಂಡು ಬನ್ನಿ ಅಂದ್ರು. ಪಾಲುದಾರರು ಮೈಸೂರಲ್ಲಿ ಒಬ್ಬ, ಬೆಂಗಳೂರಲ್ಲಿ ಇಬ್ಬರು, ಒಬ್ಬಳು ಕೆನಡಾದಲ್ಲಿ. ಎರಡು ಬಾಳೆ ನಾಲ್ಕು ಕಾಫಿ ಗಿಡಕ್ಕೆ ಕೆನಡಾಗೆ ಫೋನ್ ಮಾಡ್ಲಾ?”

ಹೊರಗಿನವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಕೊಡಗಿನ ಜಮ್ಮಾ ಜಮೀನು ವಂಶಪಾರಂಪರ್ಯವಾಗಿ ಒಕ್ಕಕ್ಕೆ, ಅಂದರೆ ಇಡೀ ಕುಟುಂಬಕ್ಕೆ ಸೇರಿದ್ದು. ಗದ್ದೆ, ಅದಕ್ಕೆ ಹೊಂದಿಕೊಂಡ ಬಾಣೆ, ಅಂದರೆ ಮರಗಳಿರುವ ಎತ್ತರದ ಜಾಗ. 1899ರ ಕೊಡಗು ಭೂ ಕಂದಾಯ ರೆಗ್ಯುಲೇಶನ್ ಕಾಲದ ದಾಖಲೆಯ ರೀತಿಯೇ ಬಹಳ ಕಡೆ ಇವತ್ತಿನ ಪಹಣಿಗೂ ಇಳಿದು ಬಂದಿದೆ: ಪಟ್ಟೆದಾರನ, ಅಂದರೆ ಒಕ್ಕದ ಹಿರಿಯನ ಹೆಸರು, ಜೊತೆಗೆ ಸಾಲುಸಾಲು ಹೆಸರುಗಳು. ಒಳಗೊಳಗೆ ಯಾರು ಯಾವ ತುಂಡು ಮಾಡುತ್ತಾರೆ ಅಂತ ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳಿ ಅನ್ನುವುದು ಸುಲಭ. ಒಕ್ಕದೊಳಗೆ ಹಳೆಯ ಜಗಳ ಇದ್ದರೆ ಅದು ಯಾರ ಕಾಲಕ್ಕೂ ಆಗುವುದಿಲ್ಲ.

ಸಂಶೋಧಕಿ ಅಜ್ಜನ ಆ ಚೀಲವನ್ನೇ ಲೆಕ್ಕಕ್ಕೆ ತಂದರು. ಒಂದು ಅರ್ಜಿ ಮುಗಿಸಲು ಎಷ್ಟು ಓಡಾಟ, ಎಷ್ಟು ದಿನದ ಕೂಲಿ ಹೋಯಿತು, ಜೆರಾಕ್ಸ್, ನೋಟರಿ, ಬಸ್ಸು, ಬಸ್ಸಿಲ್ಲದ ಕಡೆ ಆಟೋ. ಅರ್ಥಶಾಸ್ತ್ರದಲ್ಲಿ ಇದಕ್ಕೆ ವಹಿವಾಟು ವೆಚ್ಚ ಅನ್ನುತ್ತಾರೆ, ರೊನಾಲ್ಡ್ ಕೋಸ್ 1937ರ ತಮ್ಮ ಲೇಖನದಲ್ಲಿ ಎತ್ತಿದ ವಿಚಾರ, 1991ರಲ್ಲಿ ಅವರಿಗೆ ನೊಬೆಲ್ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಸುಮ್ನೆ ಒಂದು ಉದಾಹರಣೆ ಹಾಕಿ ನೋಡೋಣ, ಇದು ಸಮೀಕ್ಷೆಯ ಅಂಕಿಯಲ್ಲ. ಪರಿಹಾರ 4,000 ರೂಪಾಯಿ ಬರಬೇಕು. ಅದಕ್ಕೆ ಐದು ಸಲ ಪೇಟೆಗೆ ಹೋಗಬೇಕು, ಪ್ರತಿ ಸಲ ಕೂಲಿ 500, ಖರ್ಚು 150. ಅಲ್ಲಿಗೆ 3,250. ಎರಡರಲ್ಲಿ ಒಂದು ಅರ್ಜಿ ವಾಪಸ್ ಬರುವುದಾದರೆ ಸಿಗುವ ನಿರೀಕ್ಷೆ 2,000 ಮಾತ್ರ. 2,000ಕ್ಕೆ 3,250 ಖರ್ಚು ಮಾಡುವವರು ಯಾರು? ಅಜ್ಜ ಸೋಮಾರಿಯಲ್ಲ, ಲೆಕ್ಕ ಗೊತ್ತಿರುವವರು.

ಇದೇ 3,250 ದೊಡ್ಡ ತೋಟಕ್ಕೆ ಏನೂ ಅಲ್ಲ. ಅಲ್ಲಿ ಅರ್ಜಿಯ ಮೊತ್ತ ಲಕ್ಷದಲ್ಲಿ ಇರುತ್ತದೆ, ಓಡಾಡಲು ರೈಟರ್, ಅಂದರೆ ತೋಟದ ಗುಮಾಸ್ತ ಇರುತ್ತಾನೆ, ಪಹಣಿ ಒಂದೇ ಹೆಸರಿನಲ್ಲಿ ಇರುತ್ತದೆ. ಖರ್ಚು ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಅದರ ಭಾರ ಸಣ್ಣವರ ಮೇಲೆ. ದೇಶದ ಕಾಫಿ ಹಿಡುವಳಿಗಳಲ್ಲಿ 98 ಶೇಕಡಕ್ಕೂ ಜಾಸ್ತಿ 10 ಹೆಕ್ಟೇರಿಗಿಂತ ಚಿಕ್ಕವು ಅನ್ನುವುದನ್ನು ನೆನಪಿಸಿಕೊಂಡರೆ ಇದು ಮೂಲೆಯ ಸಮಸ್ಯೆಯಲ್ಲ.

ಇನ್ನೊಂದು ವಿಷಯ ನನಗೆ ಈಗಲೂ ಕಾಡುತ್ತದೆ. ಆನೆ ಕಾಟಕ್ಕೆ ಗದ್ದೆ ಬಿತ್ತುವುದನ್ನೇ ಬಿಟ್ಟವರು ಇದ್ದರು. ಬಿತ್ತದ ಗದ್ದೆಯಲ್ಲಿ ಬೆಳೆ ಹಾನಿ ಇಲ್ಲ, ಅರ್ಜಿ ಇಲ್ಲ, ಮಹಜರು ಇಲ್ಲ. ಇಲಾಖೆಯ ವಾರ್ಷಿಕ ಲೆಕ್ಕದಲ್ಲಿ ಅದು ಭತ್ತದ ಹಾನಿ ಕಡಿಮೆಯಾಗಿದೆ ಅಂತ ಕಾಣುತ್ತದೆ. ಹಲಸು ಹಣ್ಣಾಗುವ ಮೊದಲೇ ಕಾಯಿ ಕಿತ್ತು ಗುಂಡಿಗೆ ಹಾಕುವವರು, ಮರವನ್ನೇ ಕಡಿದವರು, ಆನೆ ಇದೆ ಅಂತ ಮೆಸೇಜು ಬಂದ ದಿನ ಆಳುಗಳು ಹತ್ತು ಗಂಟೆಯವರೆಗೆ ತೋಟದ ಲೈನ್ ಮನೆಯಿಂದ ಹೊರಗೇ ಬಾರದೆ ಅರ್ಧ ದಿನದ ಕೆಲಸ ಹೋಗುವುದು, ಇವು ಯಾವುದೂ ಯಾವ ನಮೂನೆಯಲ್ಲೂ ಬರುವುದಿಲ್ಲ.

ಏನೇನು ಮಾಡಿದರು

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ವರದಿ ಬರೆದು ಬೆಂಗಳೂರಿಗೆ ಕಳಿಸಿದರು. ದರ ಏರಿಸಿ, ದಾಖಲೆ ಸರಳ ಮಾಡಿ, ಕಾಣದ ನಷ್ಟವನ್ನೂ ಪರಿಗಣಿಸಿ. ಸ್ವೀಕೃತಿ ಬಂತು, ಪರಿಶೀಲಿಸಲಾಗುವುದು ಅಂತ. ಅಷ್ಟೇ.

ಕರ್ನಾಟಕದಲ್ಲಿ ಅರ್ಥಶಾಸ್ತ್ರದ ಕೆಲಸ ನೀತಿಯಾಗಿ ಬದಲಾದ ದೊಡ್ಡ ಉದಾಹರಣೆ ಕೇಳಿದರೆ ಎಲ್ಲರೂ ಪ್ರಾದೇಶಿಕ ಅಸಮತೋಲನದ ಬಗ್ಗೆ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ಹೇಳುತ್ತಾರೆ. 35 ಸೂಚಕ, 114 ಹಿಂದುಳಿದ ತಾಲ್ಲೂಕು, 2002ರ ವರದಿ, ಆಮೇಲೆ ಬಜೆಟ್ಟಿನಲ್ಲಿ ಅದಕ್ಕಂತಲೇ ಹಣ. ಆದರೆ ಆ ಸಮಿತಿಯನ್ನು ಸರಕಾರವೇ 2000ದಲ್ಲಿ ನೇಮಿಸಿತ್ತು, ಪ್ರಶ್ನೆ ಕೇಳಿದ್ದೂ ಸರಕಾರವೇ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹಿಡಿದು ಹೋಗುವ ಪಿಎಚ್‌ಡಿ ವಿದ್ಯಾರ್ಥಿಯ ಸ್ಥಿತಿ ಬೇರೆ. ಟಪಾಲು ವಿಭಾಗದಿಂದ ಮುಂದಕ್ಕೆ ಹೋಗಲು ಅವರಿಗೆ ದಾರಿಯೇ ಇಲ್ಲ.

ಅಷ್ಟರಲ್ಲಿ 2022ರ ಕೊನೆ ಬಂತು. ಆ ವರ್ಷ ಮಲೆನಾಡಿನಲ್ಲಿ ಆನೆ ತುಳಿದು ಸತ್ತವರ ವಿಷಯಕ್ಕೆ ಜನ ರೊಚ್ಚಿಗೆದ್ದಿದ್ದರು. ಸರಕಾರ ಜೀವಹಾನಿ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು, ಬೆಳೆ ನಷ್ಟದ ದರವನ್ನೂ ಎರಡರಷ್ಟು ಮಾಡಿತು. ವಿಭಾಗದಲ್ಲಿ ಸಿಹಿ ಹಂಚಿದರು. ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ತಂಡ ಬರುವ ವರ್ಷ ಅದು, ಹಾಗಾಗಿ ಸಂಶೋಧನೆಯ ಸಾಮಾಜಿಕ ಪರಿಣಾಮ ಅನ್ನುವ ಕಾಲಂನಲ್ಲಿ ಇದನ್ನು ಬರೆದುಬಿಡೋಣ ಅಂತ ಒಬ್ಬರು ಹಿರಿಯರು ಹೇಳಿದರು. ಸಂಶೋಧಕಿ ಒಪ್ಪಲಿಲ್ಲ. ವರದಿಯನ್ನು ಅಲ್ಲಿ ಯಾರಾದರೂ ಓದಿದ್ದಾರೆ ಅನ್ನುವುದಕ್ಕೆ ಒಂದು ಕಾಗದವೂ ನನ್ನ ಹತ್ತಿರ ಇಲ್ಲ, ಜನ ಬೀದಿಗಿಳಿದದ್ದಕ್ಕೆ ದರ ಏರಿದ್ದು ಅಂದರು. ಸ್ವಲ್ಪ ಕಸಿವಿಸಿಯಾಯಿತು. ನನಗೆ ಆಕೆ ಸರಿ ಅನಿಸಿತು. ಮಳೆ ಬಂದ ದಿನ ಕೊಡೆ ಹಿಡಿದಿದ್ದೆ ಅಂತ ಮಳೆಗೆ ನಾನೇ ಕಾರಣ ಅಂದರೆ ಹೇಗೆ?

ಅದಕ್ಕಿಂತ ಮುಖ್ಯವಾದದ್ದು ಆಕೆ ಆಗ ಹಾಕಿದ ಇನ್ನೊಂದು ಲೆಕ್ಕ. ದರ ಎರಡರಷ್ಟಾದರೆ ಲಾಭ ಯಾರಿಗೆ? ಅರ್ಜಿ ಹಾಕಿ ದಾಟಿಸಿಕೊಳ್ಳುವವರಿಗೆ. ಕಾಗದ ಸರಿಯಿಲ್ಲದವರಿಗೆ ಸೊನ್ನೆಯ ಎರಡರಷ್ಟು ಸೊನ್ನೆಯೇ. ಹಾಗಾಗಿ ದರದ ಮಾತು ಬಿಟ್ಟು ಪೂರ್ತಿ ಕಾಗದದ ಮಾತಿಗೆ ಬಂದರು. ಒಂದು ಪುಟದ ಟಿಪ್ಪಣಿ, ಕನ್ನಡದಲ್ಲಿ.

ಆ ಟಿಪ್ಪಣಿ ಹೇಗೋ ಪತ್ರಿಕೆಯವರ ಕೈಗೆ ಹೋಯಿತು. ಪರಿಹಾರ ಬೇಡವೆನ್ನುವ ರೈತರು ಅನ್ನುವ ಅರ್ಥ ಬರುವ ಹಾಗೆ ತಲೆಬರಹ ಹಾಕಿದರು. ಬೆಳೆಗಾರರಿಗೆ ಸಿಟ್ಟು, ಯಾರು ಬೇಡ ಅಂದವರು ಅಂತ. ವಲಯ ಕಚೇರಿಗೂ ಸಿಟ್ಟು, ನಮ್ಮ ಮೇಲೆ ಬರೆಸಿದ್ದಾರೆ ಅಂತ. ಅದಾದ ಮೇಲೆ ಸ್ಪಷ್ಟೀಕರಣ ಕೊಡುವ ಬದಲು ಆಕೆ ಪತ್ರಿಕೆ ಕಡೆಗೇ ಹೋಗಲಿಲ್ಲ. ಆ ಗಲಾಟೆ ತಾನಾಗಿ ತಣ್ಣಗಾಯಿತು.

ಹೆಸರು ಕೊಡಿ ಅಂದಾಗ

ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಮೇಲಧಿಕಾರಿಯೊಬ್ಬರು ಕರೆಸಿದರು. ಒಳ್ಳೆಯ ಮನುಷ್ಯ, ಟಿಪ್ಪಣಿಯನ್ನು ಗೆರೆ ಎಳೆದು ಓದಿಕೊಂಡಿದ್ದರು. ಎಲ್ಲ ಕೇಳಿದ ಮೇಲೆ ಅಂದರು: “ಮೇಡಂ, ನೀವು ಹೇಳೋದು ನಿಜ ಇರಬಹುದು. ಆದ್ರೆ ನಾನು ನಂಬಬೇಕಲ್ಲ. ಅರ್ಜಿ ಹಾಕದವರ ಹೆಸರು, ಸರ್ವೆ ನಂಬರ್ ಕೊಡಿ. ನಮ್ಮ ಗಾರ್ಡನ್ನ ಕಳಿಸಿ ಪರಿಶೀಲನೆ ಮಾಡಿಸ್ತೇನೆ. ನಿಜವಾಗಿದ್ರೆ ಅವರಿಗೂ ಅನುಕೂಲ ಆಗುತ್ತೆ.”

ಕೇಳುವುದಕ್ಕೆ ಎಷ್ಟು ಸರಿಯಾಗಿದೆ ಅಲ್ವಾ? ಕೋಣೆಯಲ್ಲಿದ್ದ ನಮಗೆಲ್ಲ ಕೊಟ್ಟುಬಿಡಲಿ ಅನಿಸಿತು. ಆಕೆ ಆಗುವುದಿಲ್ಲ ಸಾರ್ ಅಂದರು.

ಕಾರಣ ಸಮೀಕ್ಷೆಯ ಪುಸ್ತಕಗಳಲ್ಲಿತ್ತು. ಜನ ಅರ್ಜಿಯ ಬಗ್ಗೆ ಮಾತ್ರ ಮಾತಾಡಿರಲಿಲ್ಲ. ಅರ್ಜಿ ಯಾಕೆ ಹಾಕಲಿಲ್ಲ ಅಂದರೆ ತೋಟದ ಒಂದು ಅಂಚು ಪೈಸಾರಿಯಲ್ಲಿದೆ, ಅಂದರೆ ಸರಕಾರಿ ಜಾಗದಲ್ಲಿದೆ, ಮಹಜರಿಗೆ ಬಂದವರು ಅಳತೆ ಮಾಡಿದರೆ ಕಷ್ಟ ಅಂದವರಿದ್ದರು. ಬೇಲಿಗೆ ನೇರ ಕರೆಂಟು ಕೊಟ್ಟಿದ್ದೇವೆ ಅಂತ ಒಪ್ಪಿಕೊಂಡವರೂ ಇದ್ದರು. ಅದು ಅಪರಾಧ, ಆನೆ ಸತ್ತರೆ ಜೈಲು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಬಂದ ಉತ್ತರಗಳು ಇವು. ಪಟ್ಟಿ ಕೊಟ್ಟರೆ ಅಜ್ಜನಂಥವರಿಗೆ ಪರಿಹಾರ ಸಿಗಬಹುದು, ಪಕ್ಕದ ಮನೆಯವನ ಮೇಲೆ ಕೇಸು ಬೀಳಬಹುದು. ಸ್ವಲ್ಪ ಜನರ ಹೆಸರು ಮಾತ್ರ ಕೊಟ್ಟರೆ ಬಿಟ್ಟವರು ಯಾರು ಅಂತ ಊಹಿಸಲು ಅರ್ಧ ಗಂಟೆ ಸಾಕು. ಕರೆಂಟು ಬೇಲಿ ಸರಿ ಅಂತ ನಾನು ಹೇಳುತ್ತಿಲ್ಲ, ಅದು ಆನೆಯನ್ನೂ ಕೊಲ್ಲುತ್ತದೆ, ತೋಟದ ಆಳನ್ನೂ ಕೊಲ್ಲುತ್ತದೆ. ಆದರೆ ಸಂಶೋಧಕಿಯ ಪುಸ್ತಕ ಪೊಲೀಸ್ ಡೈರಿ ಆದರೆ ಮುಂದೆ ಈ ಜಿಲ್ಲೆಯಲ್ಲಿ ಯಾವ ವಿದ್ಯಾರ್ಥಿಗೂ ಯಾವ ಮನೆಯ ಜಗಲಿಯೂ ಸಿಗುವುದಿಲ್ಲ.

ಹಾಗಾದರೆ ನಾನೂ ಏನೂ ಮಾಡಲಾರೆ ಅಂದರು ಅಧಿಕಾರಿ. ಬಾಗಿಲು ಮುಚ್ಚಿತು. ತಿಂಗಳುಗಟ್ಟಲೆ ಫೋನಿಗೂ ಉತ್ತರ ಇಲ್ಲ.

ಆ ಮೌನದಲ್ಲಿ ಎರಡು ದಾರಿ ಚರ್ಚೆಯಾದವು. ಒಂದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ವಾಪಸ್ ಹೋದ ಅರ್ಜಿಗಳ ವಿವರ ತೆಗೆಯುವುದು. ಅಂಕಿ ಖಂಡಿತ ಸಿಗುತ್ತಿತ್ತು. ಆದರೆ ಕಚೇರಿಯವರು ಎದುರಾಳಿಗಳಾಗುತ್ತಿದ್ದರು, ಸಿಕ್ಕ ಅಂಕಿಯನ್ನು ಅವರೇ ಅಲ್ಲಗಳೆಯುತ್ತಿದ್ದರು. ಇನ್ನೊಂದು ದಾರಿ ಗೈಡ್ ಹೇಳಿದ್ದು, ಈ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ನಮ್ಮ ಪಟ್ಟಿ ನಂಬಬೇಡಿ, ನಿಮ್ಮ ರಿಜಿಸ್ಟರ್ ನೀವೇ ಎಣಿಸಿ ನೋಡಿ ಅನ್ನುವುದು. ಅರ್ಜಿಯನ್ನೇ ಹಾಕದವರು ಕಚೇರಿಯ ದಾಖಲೆಯಲ್ಲಿ ಇರುವುದಿಲ್ಲ, ಸರಿ. ಆದರೆ ಅಜ್ಜನ ಹಾಗೆ ಒಂದು ಸಲ ಹಾಕಿ ವಾಪಸ್ ಪಡೆದವರು ಇನ್‌ವರ್ಡ್ ರಿಜಿಸ್ಟರಿನಲ್ಲಿ ಇದ್ದೇ ಇರುತ್ತಾರೆ. ವಾಪಸ್ ಕೊಡುವಾಗ ಬರೆದ ಹಿಂಬರಹದಲ್ಲಿ ಕಾರಣವೂ ಇರುತ್ತದೆ. ಹೆಸರು ಅವರದೇ ಕಪಾಟಿನಲ್ಲಿದೆ, ಯಾರ ಗುಟ್ಟೂ ಹೊರಗೆ ಬರುವುದಿಲ್ಲ.

ಅದಕ್ಕೆ ಅಧಿಕಾರಿ ಒಪ್ಪಿದರು, ಒಂದು ವಲಯಕ್ಕೆ ಮಾತ್ರ. ಕಚೇರಿಯ ಒಬ್ಬ ಕೇಸ್ ವರ್ಕರ್ ಮಧ್ಯಾಹ್ನ ಊಟ ಆದ ಮೇಲೆ ರಿಜಿಸ್ಟರ್ ತೆಗೆದು ಕೂರುತ್ತಿದ್ದರು. ಸಂಶೋಧಕಿ ಹೆಸರು ನೋಡುತ್ತಿರಲಿಲ್ಲ, ಅವರು ಕಾರಣ ಓದಿ ಹೇಳುತ್ತಿದ್ದರು, ಇವರು ಗೆರೆ ಹಾಕುತ್ತಿದ್ದರು. ಫೋಟೋ ಸರಿಯಿಲ್ಲ, ತಡವಾಗಿದೆ, ಪಹಣಿ ಹಳೆಯದು, ಪಾಲುದಾರರ ಒಪ್ಪಿಗೆ ಇಲ್ಲ. ಎಣಿಸುತ್ತಾ ಹೋದ ಹಾಗೆ ಕೊನೆಯ ಕಾರಣದ ಗೆರೆಗಳೇ ಪುಟ ತುಂಬಿದವು. ಕೇಸ್ ವರ್ಕರ್ ತಾವೇ ಹೋಗಿ ಸಾಹೇಬರಿಗೆ ಹೇಳಿದರಂತೆ, ಸಾರ್ ಇದು ತುಂಬಾ ಇದೆ ಅಂತ. ಸಂಶೋಧಕಿ ಎರಡು ವರ್ಷ ಹೇಳಿದ್ದು ಒಳಗಿನವರ ಬಾಯಲ್ಲಿ ಬಂದಾಗ ಅದು ಇಲಾಖೆಯ ಮಾಹಿತಿಯಾಯಿತು.

ಆಮೇಲೆ ಏನಾಯಿತು

ಪರಿಹಾರದ ಉಪಾಯ ಹೊಳೆದದ್ದು ಅಧಿಕಾರಿಗೇ. ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿ ಮತ್ತು ಬೆಳೆಯದ್ದು. ಹಾಳಾಗಿರುವುದು ಬೆಳೆ, ಭೂಮಿ ಅಲ್ಲೇ ಇದೆ. ಹಾಗಿದ್ದ ಮೇಲೆ 9ನೇ ಕಾಲಂನಲ್ಲಿ ಇರುವವರೆಲ್ಲರ ಸಹಿ ಯಾಕೆ ಬೇಕು? ಈ ತುಂಡಿನಲ್ಲಿ ಬೆಳೆ ಮಾಡುತ್ತಿರುವುದು ಇವರೇ ಅಂತ ಗ್ರಾಮ ಆಡಳಿತಾಧಿಕಾರಿ ಬರೆದುಕೊಡಲಿ, ಪಾಲುದಾರರು ತಕರಾರು ತೆಗೆದರೆ ನಾನೇ ಹೊಣೆ ಅಂತ ಅರ್ಜಿದಾರರು ಮುಚ್ಚಳಿಕೆ ಕೊಡಲಿ, ಸಾಕು. ಜೊತೆಗೆ ಸಂತೆಯ ದಿನ ಗಾರ್ಡ್ ಪಂಚಾಯಿತಿ ಕಚೇರಿಯಲ್ಲೇ ಕೂತು ಅರ್ಜಿ ತಗೊಳ್ಳಲಿ, ಜನ ಹೇಗೂ ಪೇಟೆಗೆ ಬಂದಿರುತ್ತಾರೆ. ಇದಕ್ಕೆ ಹೊಸ ಕಾನೂನೂ ಬೇಡ, ಬೆಂಗಳೂರಿನ ಆದೇಶವೂ ಬೇಡ. ಎಲ್ಲ ಪಾಲುದಾರರ ಒಪ್ಪಿಗೆ ಬೇಕು ಅನ್ನುವುದು ಯಾವ ಆದೇಶದಲ್ಲಿದೆ ಅಂತ ಹುಡುಕಿದರೆ ಆ ಕಚೇರಿಯಲ್ಲಿ ಯಾರಿಗೂ ಸಿಗಲಿಲ್ಲ. ಯಾವತ್ತೋ ಯಾರೋ ಜಾಗ್ರತೆಗೆ ಶುರು ಮಾಡಿದ್ದು, ಮೊದಲಿನಿಂದ ಹಾಗೇ ಸಾರ್ ಅಂತ ನಡೆದುಕೊಂಡು ಬಂದಿತ್ತು.

ಮೊದಲ ಕೊಯ್ಲಿಗೇ ಅರ್ಜಿಗಳು ಏರಿದವು. ಅಜ್ಜನ ಅರ್ಜಿಯೂ ಹೋಯಿತು, ದುಡ್ಡೂ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆಂದ. ಆದರೆ ಅರ್ಜಿ ಜಾಸ್ತಿಯಾದ ಹಾಗೆ ವಲಯಕ್ಕೆ ಬರುವ ಅನುದಾನ ಜಾಸ್ತಿಯಾಗಲಿಲ್ಲ. ಅದು ಹಿಂದಿನ ವರ್ಷಗಳ ಖರ್ಚು ನೋಡಿ ಬರುವಂಥದ್ದು. ಹಾಗಾಗಿ ಬಾಕಿ ಬೆಳೆಯಿತು. ಮೊದಲು ಬೇಗ ಹಣ ಸಿಗುತ್ತಿದ್ದ ದೊಡ್ಡ ತೋಟದವರು ಈಗ ಕಾಯಬೇಕಾಯಿತು, ಅವರ ದೂರು ಮೇಲಿನವರೆಗೂ ಹೋಯಿತು. ಇದನ್ನು ಸಂಶೋಧಕಿ ಮೊದಲೇ ಟಿಪ್ಪಣಿಯ ಕೊನೆಯ ಸಾಲಿನಲ್ಲಿ ಬರೆದಿದ್ದರು, ಅನುದಾನ ಏರಿಸದೆ ದಾಖಲೆ ಮಾತ್ರ ಸಡಿಲಿಸಿದರೆ ಕಾಯುವ ಕಾಲ ಉದ್ದವಾಗುತ್ತದೆ ಅಂತ. ಆ ಸಾಲಿಗೆ ಯಾರೂ ಗೆರೆ ಎಳೆದಿರಲಿಲ್ಲ.

ಆಮೇಲೆ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬಂದರು. ಆಡಿಟ್‌ನವರು ಮುಚ್ಚಳಿಕೆಯ ಮೇಲೆ ಹಣ ಕೊಟ್ಟದ್ದಕ್ಕೆ ಆಕ್ಷೇಪ ಬರೆದಿದ್ದರು. ಹೊಸಬರು ದೊಡ್ಡ ಮೊತ್ತದ ಅರ್ಜಿಗಳಿಗೆ ಮತ್ತೆ ಒಪ್ಪಿಗೆ ಪತ್ರ ಕೇಳತೊಡಗಿದರು, ಸಣ್ಣ ಮೊತ್ತಕ್ಕೆ ಮುಚ್ಚಳಿಕೆಯನ್ನೇ ಉಳಿಸಿಕೊಂಡರು. ಸಂತೆ ದಿನದ ವ್ಯವಸ್ಥೆ ಉಳಿಯಿತು, ಯಾಕೆಂದರೆ ಅದರಿಂದ ಗಾರ್ಡುಗಳಿಗೂ ಓಡಾಟ ಕಮ್ಮಿಯಾಗಿತ್ತು. ನನ್ನ ಕೇಳಿದರೆ ಈ ಅರ್ಧ ಉಳಿಕೆ ಕೆಟ್ಟದ್ದೇನಲ್ಲ. ಸಣ್ಣ ಮೊತ್ತದವರೇ ಮೊದಲಿನಿಂದ ಹೊರಗೆ ಉಳಿದಿದ್ದವರು.

ಇದರಲ್ಲಿ ಕಲಿಯುವಂಥದ್ದು

ನನ್ನ ವಿದ್ಯಾರ್ಥಿಗಳಿಗೆ ಈ ಪ್ರಕರಣ ಹೇಳುವಾಗ ಮೊದಲು ಕೇಳುವ ಪ್ರಶ್ನೆ: ನೀವು ಬದಲಾಗಬೇಕು ಅನ್ನುವ ವಿಷಯ ಯಾರ ಮೇಜಿನ ಮೇಲಿದೆ? ಪರಿಹಾರದ ದರ ವಿಧಾನಸೌಧದ್ದು. ಯಾವ ಕಾಗದ ಕೇಳಬೇಕು ಅನ್ನುವುದು ಬಹುಪಾಲು ಇಲ್ಲಿನ ರೂಢಿ. ವರದಿಯಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಬರೆದು ಕಳಿಸಿದಾಗ ಬೆಂಗಳೂರಿನವರಿಗೆ ಎರಡನೆಯದು ಚಿಕ್ಕ ವಿಷಯ, ಇಲ್ಲಿನವರಿಗೆ ಮೊದಲನೆಯದು ಕೈಗೆ ಮೀರಿದ್ದು. ಬೇರೆ ಮಾಡಿದ ಮೇಲೆಯೇ ಅದು ಅಲುಗಾಡಿದ್ದು.

ಹೆಸರಿನ ಪಟ್ಟಿಯ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಬಹಳ ಹಗುರ. ಗೋಪ್ಯವಾಗಿಡುತ್ತೇವೆ ಅಂತ ನಮೂನೆಯ ಮೇಲೆ ಅಚ್ಚು ಹಾಕಿಸುತ್ತೇವೆ, ದೊಡ್ಡ ಅಧಿಕಾರಿ ಕೇಳಿದರೆ ಪೆನ್ ಡ್ರೈವಿನಲ್ಲಿ ಕೊಟ್ಟುಬಿಡುತ್ತೇವೆ. ಅಧಿಕಾರಿ ಏನು ಕೇಳಬಹುದು ಅಂತ ಸಮೀಕ್ಷೆಗೆ ಹೊರಡುವ ಮೊದಲೇ ಯೋಚಿಸಿ, ಹೆಸರನ್ನೂ ಉತ್ತರವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದುಕೊಂಡಿದ್ದರೆ ಕೆಲಸ ಸುಲಭ. ಈಗ ನಾನು ಎಲ್ಲರಿಗೂ ಹಾಗೇ ಮಾಡಿಸುತ್ತೇನೆ.

ಇನ್ನು ಪರಿಣಾಮ ಅಳೆಯುವ ವಿಷಯ. ಅರ್ಜಿ ಏರಿದ್ದು ಸಂತೆ ದಿನದಿಂದಲೋ, ಆ ವರ್ಷ ಆನೆ ಜಾಸ್ತಿ ಬಂದದ್ದರಿಂದಲೋ? ದರ ಎರಡರಷ್ಟಾದದ್ದರಿಂದಲೋ? 2024ರ ಹೊತ್ತಿಗೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿ ಒಂದೊಂದು ಗಿಡದ ಮೇಲೂ ಜನರಿಗೆ ಕಣ್ಣು ಬಂದದ್ದರಿಂದಲೋ? ಒಂದೇ ವಲಯದ ಅಂಕಿ ನೋಡಿ ಹೇಳಲು ಆಗುವುದಿಲ್ಲ. ದರವೂ ಕಾಫಿ ಬೆಲೆಯೂ ಎಲ್ಲ ಕಡೆ ಒಂದೇ ಸಲ ಏರಿದ್ದು, ಸಂತೆ ದಿನ ಶುರುವಾದದ್ದು ಮಾತ್ರ ಒಂದೇ ವಲಯದಲ್ಲಿ. ಹಾಗಾಗಿ ಆ ವ್ಯವಸ್ಥೆ ಇಲ್ಲದ ಪಕ್ಕದ ವಲಯದ ಅಂಕಿಯನ್ನು ಜೊತೆಗಿಟ್ಟು ನೋಡಬೇಕು. ಸಂಶೋಧಕಿ ಈಗ ಮಾಡುತ್ತಿರುವುದು ಅದನ್ನೇ.

ಅದಕ್ಕೊಂದು ತೊಡಕು ಬಂದಿದೆ. ಪಕ್ಕದ ವಲಯದ ಬೆಳೆಗಾರರು ನಮಗೂ ಸಂತೆ ದಿನ ಬೇಕು ಅಂತ ಮನವಿ ಕೊಟ್ಟಿದ್ದಾರೆ. ಕೊಟ್ಟರೆ ಹೋಲಿಸಲು ವಲಯವೇ ಉಳಿಯುವುದಿಲ್ಲ. ಮುಂದಿನ ಕೊಯ್ಲು ಮುಗಿಯುವವರೆಗೆ ತಡೆಯಿರಿ ಅಂತ ಕಚೇರಿಗೆ ಒಂದು ಮಾತು ಹೇಳಬಹುದಿತ್ತು, ಈಗ ಅಲ್ಲಿ ಆಕೆಯ ಮಾತು ನಡೆಯುತ್ತದೆ. ಮನವಿ ಕೊಡಲು ಹೋದವರು ಮೊದಲು ಆಕೆಯ ಹತ್ತಿರವೇ ಬಂದಿದ್ದರು, ಹೇಗೆ ಬರೆಯಬೇಕು ಅಂತ ಕೇಳಲು. ಆಕೆ ಕೂತು ಬರೆದುಕೊಟ್ಟರು.